ಗೊಬ್ಬರ ಕುಡಿದ ಟ್ರ್ಯಾಕ್ಟರ್ ಇಂಜಿನ್: ಅಯೋವಾದ ಅಮೋನಿಯಾ–ಬಯೋಡೀಸೆಲ್ ಪ್ರಯೋಗ

ಅಮೆರಿಕದ ಅಯೋವಾ ಎಂದರೆ ಮೆಕ್ಕೆಜೋಳ ಮತ್ತು ಸೋಯಾ. ಬಿತ್ತನೆಗೆ ಮುಂಚೆ, ಇಲ್ಲವೇ ಕೊಯ್ಲು ಮುಗಿದ ಮೇಲೆ, ಅಲ್ಲಿನ ಹೊಲದ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳು ಉದ್ದನೆಯ ಬಿಳಿ ಟ್ಯಾಂಕುಗಳನ್ನು ಎಳೆದುಕೊಂಡು ಹೋಗುತ್ತಿರುತ್ತವೆ. ಒಳಗಿರುವುದು ಒತ್ತಡ ಹಾಕಿ ದ್ರವ ಮಾಡಿದ ಅಮೋನಿಯಾ. ನಮ್ಮ ರೈತರು ಯೂರಿಯಾ ಚೀಲ ಬಿಚ್ಚಿ ಎರಚುತ್ತಾರೆ. ಅಲ್ಲಿಯವರು ಯೂರಿಯಾ ಆಗುವ ಮೊದಲಿನ ಸರಕನ್ನೇ ಮಣ್ಣಿನೊಳಗೆ ಇಳಿಸಿಬಿಡುತ್ತಾರೆ. ಅದರ ತೂಕದಲ್ಲಿ ಶೇಕಡ 82 ಪಾಲು ಸಾರಜನಕವೇ, ಅಂದರೆ ನೈಟ್ರೋಜನ್. ಲೂಯಿಸಿಯಾನದಿಂದ ಉತ್ತರಕ್ಕೆ ಬರುವ ಸುಮಾರು 3,200 ಕಿಲೋಮೀಟರಿನ ಅಮೋನಿಯಾ ಪೈಪ್‌ಲೈನ್ ಈ ರಾಜ್ಯವನ್ನೂ ಮುಟ್ಟುತ್ತದೆ. ಇನ್ನೊಂದು ಕಡೆ, ಸೋಯಾದಂಥ ಬೆಳೆಯ ಎಣ್ಣೆಯಿಂದ ಮಾಡುವ ಬಯೋಡೀಸೆಲ್ ತಯಾರಿಕೆಯಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನವೂ ಅಯೋವಾದ್ದೇ.

ಎರಡೂ ಊರಲ್ಲೇ ಸಿಗುವಾಗ ಹೊರಗಿನ ಡೀಸೆಲ್ ಯಾಕೆ ಬೇಕು? ಸಹಜವಾಗಿ ಬರುವ ಪ್ರಶ್ನೆ, ಅಲ್ವಾ? ಏಮ್ಸ್ ಊರಿನ ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಮೆಕ್ಯಾನಿಕಲ್ ವಿಭಾಗದಲ್ಲಿ ಪ್ರೊಫೆಸರ್ ಸಾಂಗ್-ಚಾರ್ಂಗ್ ಕಾಂಗ್ ಮತ್ತು ಆರನ್ ರೈಟರ್ ಇದನ್ನು ಇಂಜಿನ್ ಮೇಲೆಯೇ ಪರೀಕ್ಷಿಸಿದರು. ಫಲಿತಾಂಶ 2008ರಲ್ಲೊಮ್ಮೆ, 2011ರಲ್ಲೊಮ್ಮೆ ಪ್ರಕಟವಾಯಿತು. ಅಮೋನಿಯಾ ಇಂಧನದ ಬಗ್ಗೆ ಇವತ್ತು ಯಾರೇ ಮಾತಾಡಿದರೂ ಈ ಕೆಲಸವನ್ನು ಹಾದೇ ಹೋಗುತ್ತಾರೆ. ಅದಕ್ಕೇ ಇದನ್ನು ಪ್ರಕರಣವಾಗಿ ತೆಗೆದುಕೊಂಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಂಜಿನ್ ಓಡಿಸುವುದು ಇದರಲ್ಲಿ ಸುಲಭದ ಭಾಗ. ಕಷ್ಟ ಇರುವುದು ಇಂಜಿನ್ನಿನ ಹಿಂದೆ, ಹೊಗೆ ಕೊಳವೆಯಲ್ಲಿ. ಮತ್ತೆ ಮುಂದೆ, ಅಮೋನಿಯಾ ಎಲ್ಲಿಂದ ಬಂತು ಅನ್ನುವುದರಲ್ಲಿ.

ಹತ್ತಿಕೊಳ್ಳದ ಇಂಧನ

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತುತ್ತದೆ. ಗಾಳಿ ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆಗ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಡೀಸೆಲ್ಲಿಗೆ ಬೇಕಾಗಿರುವುದು ಇನ್ನೂರ ಚಿಲ್ಲರೆ ಡಿಗ್ರಿ ಅಷ್ಟೇ.

ಅಮೋನಿಯಾಕ್ಕೆ 651 ಡಿಗ್ರಿ ಬೇಕು. ಹತ್ತಿಕೊಂಡರೂ ಬೆಂಕಿ ಓಡುವುದಿಲ್ಲ, ತೆವಳುತ್ತದೆ. ಪೆಟ್ರೋಲ್ ಆವಿಯಲ್ಲಿ ಜ್ವಾಲೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಹಬ್ಬಿದರೆ ಅಮೋನಿಯಾದಲ್ಲಿ 7ರ ಆಸುಪಾಸು. ಸಾಲದ್ದಕ್ಕೆ ದ್ರವ ಅಮೋನಿಯಾ ಆವಿಯಾಗುವಾಗ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಕೆಜಿಗೆ 1,370 ಕಿಲೋಜೌಲ್, ಅಂದರೆ ಡೀಸೆಲ್ಲಿಗಿಂತ ಐದು ಪಟ್ಟಿನಷ್ಟು. ಐಸ್ ಪ್ಲಾಂಟುಗಳಲ್ಲಿ ಅದನ್ನು ಬಳಸುವುದೂ ಈ ಗುಣಕ್ಕೇ. ತಂಪು ಮಾಡುವುದರಲ್ಲಿ ಎತ್ತಿದ ಕೈ ಆದ ಸರಕನ್ನು ಬೆಂಕಿ ಹಚ್ಚಲು ಕರೆತಂದರೆ ಇನ್ನೇನಾಗುತ್ತದೆ!

1960ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕಾಗಿ ನಡೆದ ಸಂಶೋಧನೆಯಲ್ಲಿ ಅಮೋನಿಯಾ ಒಂದರಿಂದಲೇ ಡೀಸೆಲ್ ಮಾದರಿ ಇಂಜಿನ್ ಓಡಿಸಲು ನೋಡಿದ್ದರು. ಒಳಗೆ ಹೋಗುವ ಗಾಳಿಯನ್ನು ಮೊದಲೇ ಕಾಯಿಸಿ, ಗಾಳಿಯನ್ನು 35 ಪಟ್ಟು ಒತ್ತಬೇಕಾಯಿತು. ಅಂಥ ಇಂಜಿನ್ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧದಲ್ಲಿ ಡೀಸೆಲ್ ಸಿಗದಾಗ ಬೆಲ್ಜಿಯಂನಲ್ಲಿ ಕೆಲವು ಬಸ್ಸುಗಳು ಅಮೋನಿಯಾದಲ್ಲಿ ಓಡಿದ್ದವು. ಅಲ್ಲಿಯೂ ಜೊತೆಗೆ ಕಲ್ಲಿದ್ದಲ ಅನಿಲ ಬೇಕಾಗಿತ್ತು. ಒಟ್ಟಿನಲ್ಲಿ ಅಮೋನಿಯಾಕ್ಕೆ ಹತ್ತಿಸಿಕೊಡುವವರೊಬ್ಬರು ಬೇಕು. ಅಯೋವಾದಲ್ಲಿ ಆ ಕೆಲಸಕ್ಕೆ ನಿಂತದ್ದು ಡೀಸೆಲ್, ಇಲ್ಲವೇ ಅದರ ಜಾಗದಲ್ಲಿ ಬಯೋಡೀಸೆಲ್.

ಇಂಜಿನ್ನಿಗೆ ಏನು ಮಾಡಿದರು

ತೆಗೆದುಕೊಂಡದ್ದು ಜಾನ್ ಡಿಯರ್ 4045. ನಾಲ್ಕು ಸಿಲಿಂಡರ್, ನಾಲ್ಕೂವರೆ ಲೀಟರ್, ಟರ್ಬೋ ಇರುವ ಇಂಜಿನ್. ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರ್ ಎಲ್ಲದರಲ್ಲೂ ದುಡಿಯುವ ಸಾಮಾನ್ಯ ಸರಕು. ಪಿಸ್ಟನ್ ಬದಲಿಸಲಿಲ್ಲ, ಡೀಸೆಲ್ ಪಂಪಿಗೂ ಇಂಜೆಕ್ಟರಿಗೂ ಅಮೋನಿಯಾ ಸೋಕಿಸಲಿಲ್ಲ. ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿಗೆ ಅಮೋನಿಯಾ ಆವಿಯ ಕೊಳವೆಯೊಂದನ್ನು ಜೋಡಿಸಿದರು, ಅಷ್ಟೇ. ಗಾಳಿ ಮತ್ತು ಅಮೋನಿಯಾ ಬೆರೆತೇ ಸಿಲಿಂಡರಿಗೆ ಹೋಗುತ್ತವೆ, ಒಟ್ಟಿಗೇ ಒತ್ತಿಸಿಕೊಳ್ಳುತ್ತವೆ. ಆಮೇಲೆ ಎಂದಿನಂತೆ ಡೀಸೆಲ್ ಚಿಮ್ಮಿ, ಹತ್ತಿಕೊಂಡು, ಸುತ್ತಲಿನ ಅಮೋನಿಯಾವನ್ನೂ ಸುಡುತ್ತದೆ.

ಈ ಜೋಡಣೆ ನನಗೆ ಇಷ್ಟವಾಗುವುದು ಇದಕ್ಕೇ: ಅಮೋನಿಯಾ ಮುಗಿದರೆ ವಾಲ್ವ್ ಮುಚ್ಚಿ, ಇಂಜಿನ್ ಮತ್ತೆ ಮಾಮೂಲಿ ಡೀಸೆಲ್ ಇಂಜಿನ್ ಆಗುತ್ತದೆ. ರೈತನ ದೃಷ್ಟಿಯಿಂದ ಇದು ದೊಡ್ಡ ವಿಷಯ. ಆದರೆ ಕೊಳವೆ, ವಾಲ್ವ್, ಗೇಜ್ ಎಲ್ಲವೂ ಉಕ್ಕಿನದ್ದೇ ಆಗಬೇಕು. ತಾಮ್ರ, ಹಿತ್ತಾಳೆಯನ್ನು ಅಮೋನಿಯಾ ತಿಂದುಹಾಕುತ್ತದೆ. ನಮ್ಮ ಮೆಕ್ಯಾನಿಕ್‌ಗಳ ಕೈಗೆ ಮೊದಲು ಸಿಗುವುದೇ ಹಿತ್ತಾಳೆ ಫಿಟ್ಟಿಂಗ್!

ಆವಿ ಮಾಡುವುದೂ ಸುಮ್ನೆ ಆಗುವ ಕೆಲಸವಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಇಂಜಿನ್ 60 ಕಿಲೋವಾಟ್ ಕೆಲಸ ಕೊಡುತ್ತಿದೆ, ಇಂಧನದ ಶಕ್ತಿಯಲ್ಲಿ ಅರ್ಧ ಅಮೋನಿಯಾದಿಂದ ಬರುತ್ತಿದೆ ಅಂದುಕೊಳ್ಳಿ. ಇಂಜಿನ್ನಿನ ದಕ್ಷತೆ ಶೇಕಡ 38 ಎಂದಿಟ್ಟರೆ ಗಂಟೆಗೆ ಸುಮಾರು 15 ಕೆಜಿ ಅಮೋನಿಯಾ ಬೇಕು. ಅಷ್ಟನ್ನು ಆವಿ ಮಾಡಲು ಎಡೆಬಿಡದೆ ಆರು ಕಿಲೋವಾಟ್ ಶಾಖ ಬೇಕು. ಮನೆಯ ಮೂರು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಂತೆ. ಆ ಶಾಖ ಹೊರಗಿನಿಂದ ಸಿಗದಿದ್ದರೆ ಟ್ಯಾಂಕೇ ತಣ್ಣಗಾಗುತ್ತಾ ಹೋಗುತ್ತದೆ, ಹೊರಗೆ ಮಂಜು ಕಟ್ಟುತ್ತದೆ, ಒಳಗೆ ಒತ್ತಡ ಬೀಳುತ್ತದೆ. 20 ಡಿಗ್ರಿಯಲ್ಲಿ ಅಮೋನಿಯಾದ ಒತ್ತಡ 8.6 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್). ಮೈನಸ್ 20ರಲ್ಲಿ ಎರಡು ಬಾರ್ ಕೂಡ ಇರುವುದಿಲ್ಲ. ಟರ್ಬೋ ತುಂಬುವ ಗಾಳಿಯ ಒತ್ತಡವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಅಯೋವಾದ ಚಳಿಗಾಲದ ಬೆಳಿಗ್ಗೆ ಅಮೋನಿಯಾ ಟ್ಯಾಂಕು ಬಿಟ್ಟು ಕದಲುವುದೇ ಇಲ್ಲ. ಟ್ಯಾಂಕ್ ಕಾಯಿಸುವ ವ್ಯವಸ್ಥೆ ಇಲ್ಲದೆ ಇದು ನಡೆಯದು. ರೇಡಿಯೇಟರ್ ನೀರಿನ ಶಾಖ ಇದಕ್ಕೆ ಧಾರಾಳ ಸಾಕು, ಆದರೆ ಇಂಜಿನ್ ಬಿಸಿಯಾದ ಮೇಲೆ ತಾನೇ ಅದು ಸಿಗುವುದು?

ಓಡಿತು

ಎರಡು ರೀತಿಯಲ್ಲಿ ಓಡಿಸಿ ನೋಡಿದರು. ಮೊದಲನೆಯದರಲ್ಲಿ ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಅಷ್ಟೇ ಇಟ್ಟು ಡೀಸೆಲ್ ಕಡಿಮೆ ಮಾಡುತ್ತಾ ಅಮೋನಿಯಾ ಏರಿಸಿದರು. ಎರಡನೆಯದರಲ್ಲಿ ಡೀಸೆಲ್ ಸ್ವಲ್ಪವೇ ಬಿಟ್ಟು, ಅದನ್ನು ಮುಟ್ಟದೆ, ಅಮೋನಿಯಾವನ್ನೇ ಎಕ್ಸಿಲರೇಟರ್ ಮಾಡಿಕೊಂಡರು. ಎರಡೂ ಕೆಲಸ ಮಾಡಿತು. ಒಂದು ಹಂತದಲ್ಲಿ ಶೇಕಡ 95ರಷ್ಟು ಶಕ್ತಿ ಅಮೋನಿಯಾದ್ದೇ ಆಗಿತ್ತು, ಡೀಸೆಲ್ ಬರೀ 5. ಡೀಸೆಲ್ ಜಾಗದಲ್ಲಿ ಬಯೋಡೀಸೆಲ್ ಹಾಕಿದಾಗಲೂ ಇಂಜಿನ್ ತಕರಾರು ಮಾಡಲಿಲ್ಲ.

ಈ 95 ಅನ್ನುವ ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ. ಅದೇ ಪ್ರಯೋಗಗಳು ಹೇಳಿದ ಇನ್ನೊಂದು ಮಾತು ಅಷ್ಟಾಗಿ ಓಡಾಡುವುದಿಲ್ಲ: ಇಂಧನ ದಂಡವಾಗದೆ ಓಡಬೇಕಾದರೆ ಡೀಸೆಲ್ ಪಾಲು 40ರಿಂದ 60 ಇರಬೇಕು. ಕಾರಣ ಸರಳ. ಡೀಸೆಲ್ ತೀರಾ ಕಡಿಮೆಯಾದರೆ ಹಚ್ಚುವ ಬೆಂಕಿಯೇ ಸಣ್ಣದು. ಅಮೋನಿಯಾ ತೀರಾ ಕಡಿಮೆಯಾದರೆ ಅದು ಗಾಳಿಯಲ್ಲಿ ಎಷ್ಟು ತೆಳ್ಳಗೆ ಹರಡಿಕೊಳ್ಳುತ್ತದೆ ಎಂದರೆ ಜ್ವಾಲೆ ಒಂದು ಕಣದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಹಾಗಾಗಿ ಅಮೋನಿಯಾದ ಕಾಲು ಭಾಗ, ಮುಕ್ಕಾಲು ಭಾಗಕ್ಕಿಂತ ಸರಿಸುಮಾರು ಅರ್ಧರ್ಧವೇ ಸರಿ ಹೋಗುತ್ತದೆ.

ಅಮೋನಿಯಾದಲ್ಲಿ ಕಾರ್ಬನ್ ಇಲ್ಲ. ಅದನ್ನು ಏರಿಸಿದಂತೆಲ್ಲ ಹೊಗೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಒಂದೇ ಸಮನೆ ಇಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಇದು ಗೆದ್ದ ಕಥೆ.

ಹೊಗೆ ಕೊಳವೆಯ ಲೆಕ್ಕ

ಹೊಗೆಯಲ್ಲಿ ಸುಡದೆ ಉಳಿದ ಅಮೋನಿಯಾ ಸಿಕ್ಕಿತು. 1,000ದಿಂದ 3,000 ಪಿಪಿಎಂ. ಅಂದರೆ ಹತ್ತು ಲಕ್ಷ ಭಾಗದಲ್ಲಿ ಮೂರು ಸಾವಿರದವರೆಗೆ. ಕಮ್ಮಿ ಅನ್ನಿಸಬಹುದು. ಮನುಷ್ಯನ ಮೂಗಿಗೆ 5 ಪಿಪಿಎಂ ಆಸುಪಾಸಿನಲ್ಲೇ ಘಾಟು ಗೊತ್ತಾಗುತ್ತದೆ. 300 ಪಿಪಿಎಂ ಇರುವ ಜಾಗದಿಂದ ಜನ ತಕ್ಷಣ ಹೊರಬರಬೇಕು ಎಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಗದಿ ಮಾಡಿದೆ. ಸೈಲೆನ್ಸರಿನಿಂದ ಬರುತ್ತಿದ್ದದ್ದು ಅದರ ಹತ್ತು ಪಟ್ಟಿನವರೆಗೆ.

ಇದು ಆ ಪ್ರಯೋಗಾಲಯದ ಕೈತಪ್ಪಲ್ಲ. ಅಮೋನಿಯಾವನ್ನು ಗಾಳಿಯ ಜೊತೆ ಬೆರೆಸಿ ಕಳಿಸುವ ವಿಧಾನದಲ್ಲೇ ಅದು ಅಡಗಿದೆ. ಮೇಲಿನ 60 ಕಿಲೋವಾಟ್ ಲೆಕ್ಕವನ್ನೇ ಮುಂದುವರಿಸಿದರೆ ಸಿಲಿಂಡರಿಗೆ ಹೋಗುವ ಗಾಳಿಯಲ್ಲಿ ಅಮೋನಿಯಾ ಶೇಕಡ 5ರಿಂದ 7. ಮಾಮೂಲಿ ಗಾಳಿಯಲ್ಲಿ ಅಮೋನಿಯಾ ಹತ್ತಿಕೊಳ್ಳಲು ಕನಿಷ್ಠ 15 ಇರಬೇಕು. ಸಿಲಿಂಡರಿನ ಬಿಸಿಯಲ್ಲಿ ಈ ಮಿತಿ ಸಾಕಷ್ಟು ಸಡಿಲವಾಗುತ್ತದೆ, ನಿಜ. ಆದರೂ ಡೀಸೆಲ್ ಸ್ಪ್ರೇ ತಲುಪದ ಮೂಲೆಗಳು, ತಣ್ಣನೆಯ ಗೋಡೆಯ ಪಕ್ಕ, ಪಿಸ್ಟನ್ ರಿಂಗಿನ ಮೇಲಿನ ಸಂದು, ಇಲ್ಲೆಲ್ಲ ಅಮೋನಿಯಾ ಬೆಂಕಿ ಕಾಣದೆ ಕೂತಿರುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹಾಗೇ ಹೊರಗೆ. ಶೇಕಡ 6 ಅಂದರೆ 60,000 ಪಿಪಿಎಂ. ಅದರಲ್ಲಿ 95 ಭಾಗ ಸುಟ್ಟರೂ ಉಳಿಯುವುದು 3,000. ಅಳೆದ ಸಂಖ್ಯೆಗೂ ಇದಕ್ಕೂ ತಾಳೆಯಾಗುತ್ತದೆ. ಶೇಕಡ 95 ಸುಡುವುದು ಒಳ್ಳೆಯ ಫಲಿತಾಂಶವೇ, ಆದರೆ ಇಲ್ಲಿ ಸಾಲದು.

ಇನ್ನು ಉಸಿರಾಟಕ್ಕೆ ಕೆಟ್ಟದ್ದಾದ ನೈಟ್ರೋಜನ್ ಆಕ್ಸೈಡ್. ಅಮೋನಿಯಾದಲ್ಲೇ ನೈಟ್ರೋಜನ್ ತುಂಬಿರುವುದರಿಂದ ಇದು ಜಾಸ್ತಿ ಆಗಲೇಬೇಕು ಅನ್ನಿಸುತ್ತದೆ. ಆಶ್ಚರ್ಯ ಅಂದರೆ ಅಮೋನಿಯಾದ ಪಾಲು 40ರೊಳಗೆ ಇದ್ದಾಗ ಬರೀ ಡೀಸೆಲ್ಲಿಗಿಂತ ಕಡಿಮೆಯೇ ಬಂತು. ಅಮೋನಿಯಾ ಬೆಂಕಿಯನ್ನು ತಂಪಾಗಿಸುತ್ತದೆ. ಗಾಳಿಯಲ್ಲಿರುವ ನೈಟ್ರೋಜನ್ ಉರಿದು ಆಕ್ಸೈಡ್ ಆಗಲು ಬೇಕಾದ ತಾಪ ಸಿಗುವುದಿಲ್ಲ. ಪಾಲು ತುಂಬಾ ಮೇಲೇರಿದರೆ ಅಮೋನಿಯಾದ ಸ್ವಂತ ನೈಟ್ರೋಜನ್ನೇ ಮೇಲುಗೈ ಆಗಿ ಸಂಖ್ಯೆ ಏರುತ್ತದೆ. ಇದಕ್ಕೆ ಔಷಧಿ ಇದೆ. ಬಿಎಸ್6 ಲಾರಿ ಓಡಿಸುವವರಿಗೆಲ್ಲ ಡಿಇಎಫ್ ಗೊತ್ತು, ಪ್ರತ್ಯೇಕ ಟ್ಯಾಂಕಿಗೆ ಹಾಕುವ ಯೂರಿಯಾ ನೀರು. ಅದು ಬಿಸಿ ಹೊಗೆಯಲ್ಲಿ ಅಮೋನಿಯಾ ಆಗಿ, ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಮೇಲೆ ನೈಟ್ರೋಜನ್ ಆಕ್ಸೈಡನ್ನು ಸಾದಾ ನೈಟ್ರೋಜನ್ ಮಾಡುತ್ತದೆ. ಅಮೋನಿಯಾ ಇಂಜಿನ್ನಿನಲ್ಲಿ ಡಿಇಎಫ್ ಹಾಕುವ ಅಗತ್ಯವೇ ಬರಲಿಕ್ಕಿಲ್ಲ, ಹೊಗೆಯಲ್ಲೇ ಬೇಕಾದಷ್ಟಿದೆ. ಎರಡೂ ಸಮಸಮ ಬಂದರೆ ಒಂದನ್ನೊಂದು ಮುಗಿಸುತ್ತವೆ. ಅಮೋನಿಯಾ ಹೆಚ್ಚಾಗಿ ಉಳಿದರೆ ಅದನ್ನು ಸುಡಲು ಇನ್ನೊಂದು ಕ್ಯಾಟಲಿಸ್ಟ್ ಬೇಕು.

ನನಗೆ ನಿಜವಾಗಿ ಹೆದರಿಕೆ ಇರುವುದು ನೈಟ್ರಸ್ ಆಕ್ಸೈಡ್ ಬಗ್ಗೆ. ಹೆಸರು ಹತ್ತಿರವಾದರೂ ಇದು ಬೇರೆಯೇ ಅನಿಲ. ಅಮೋನಿಯಾ ಅರೆಬರೆ ಉರಿದಾಗಲೂ ಹುಟ್ಟುತ್ತದೆ, ಕೆಲವು ಕ್ಯಾಟಲಿಸ್ಟ್‌ಗಳ ಮೇಲೂ ಹುಟ್ಟುತ್ತದೆ. ವಾಸನೆ ಘಾಟಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮಾತ್ರ ಕಾರ್ಬನ್ ಡೈ ಆಕ್ಸೈಡಿನ 273 ಪಟ್ಟು. ಹೊಗೆಯಲ್ಲಿ ಬರೀ 100 ಪಿಪಿಎಂ ಇದ್ದರೂ ಶೇಕಡ 2.7 ಕಾರ್ಬನ್ ಡೈ ಆಕ್ಸೈಡಿಗೆ ಸಮ. ಲೋಡಿನಲ್ಲಿರುವ ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿ ಇರುವುದೇ 8ರ ಆಸುಪಾಸು. ಅಮೋನಿಯಾ ಹಾಕಿ ಅರ್ಧ ಉಳಿಸಿದೆವು ಅಂದುಕೊಂಡರೆ, ಆ ಉಳಿತಾಯದಲ್ಲಿ ಮೂರರಲ್ಲಿ ಎರಡು ಪಾಲು ಇಲ್ಲೇ ಸೋರಿಹೋಯಿತು. ನೈಟ್ರಸ್ ಆಕ್ಸೈಡ್ ಅಳೆಯದೆ ಇಷ್ಟು ಇಂಗಾಲ ಉಳಿಸಿದೆವು ಎಂದು ಹೇಳುವ ವರದಿಯನ್ನು ನಾನು ನಂಬುವುದಿಲ್ಲ.

ಬಯೋಡೀಸೆಲ್ ಇಲ್ಲಿ ಯಾಕೆ

ಬಯೋಡೀಸೆಲ್ಲನ್ನು ಡೀಸೆಲ್ಲಿನ ಬಡ ತಮ್ಮ ಎಂದು ನೋಡುವವರೇ ಹೆಚ್ಚು. ಶಕ್ತಿ ಸ್ವಲ್ಪ ಕಡಿಮೆ, ಕೆಜಿಗೆ 37 ಮೆಗಾಜೌಲ್, ಡೀಸೆಲ್ಲಿನದು 43. ಸೋಯಾದಿಂದ ಮಾಡಿದ್ದು ಸೊನ್ನೆ ಡಿಗ್ರಿ ಹತ್ತಿರ ಮಬ್ಬಾಗಿ ಗಟ್ಟಿಯಾಗತೊಡಗುತ್ತದೆ. ಆದರೆ ಹಚ್ಚುವ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಬೇಗ ಹತ್ತಿಕೊಳ್ಳುವ ಗುಣದಲ್ಲಿ ಡೀಸೆಲ್ಲಿಗೆ ಕಡಿಮೆ ಇಲ್ಲ, ತೂಕದಲ್ಲಿ ಶೇಕಡ 11 ಆಮ್ಲಜನಕ ಅದರೊಳಗೇ ಇದೆ, ಮಸಿ ಕಡಿಮೆ. ಅಮೆರಿಕದ ಪರಿಸರ ಇಲಾಖೆ 2002ರಲ್ಲಿ ಕಲೆಹಾಕಿದ ಲೆಕ್ಕದ ಪ್ರಕಾರ, ಪೂರ್ತಿ ಬಯೋಡೀಸೆಲ್ ಹಾಕಿದರೆ ಹೊಗೆಯ ಕಣಗಳು ಅರ್ಧದ ಹತ್ತಿರಕ್ಕೆ ಇಳಿಯುತ್ತವೆ, ನೈಟ್ರೋಜನ್ ಆಕ್ಸೈಡ್ ಮಾತ್ರ ಶೇಕಡ 10ರಷ್ಟು ಏರುತ್ತದೆ. ಆ ಏರಿಕೆಯನ್ನು ಅಮೋನಿಯಾದ ತಂಪು ಹಿಡಿದಿಡಬಲ್ಲದು. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿ ಇದು.

ಅದಕ್ಕಿಂತ ದೊಡ್ಡ ಕಾರಣ ನೆಲ. ಒಂದು ಎಕರೆಯಲ್ಲಿ 50 ಬುಷೆಲ್ (ಸುಮಾರು 1,360 ಕೆಜಿ) ಸೋಯಾ ಬಂದರೆ ಸಿಗುವ ಬಯೋಡೀಸೆಲ್ ಸುಮಾರು 280 ಲೀಟರ್. ದೊಡ್ಡ ಟ್ರ್ಯಾಕ್ಟರಿಗೆ ಅದು ಒಂದೆರಡು ದಿನದ ಕೆಲಸ. ಎಲ್ಲ ಇಂಜಿನ್ನಿಗೂ ಬಯೋಡೀಸೆಲ್ ಬೆಳೆದು ಪೂರೈಸಲು ಯಾವ ದೇಶದಲ್ಲೂ ಅಷ್ಟು ಹೊಲ ಇಲ್ಲ. ಅದೇ ಬಯೋಡೀಸೆಲ್ಲನ್ನು ಶೇಕಡ 40 ಹಾಕಿ ಉಳಿದದ್ದನ್ನು ಅಮೋನಿಯಾಕ್ಕೆ ಬಿಟ್ಟರೆ ಒಂದು ಲೀಟರ್ ಎರಡೂವರೆ ಲೀಟರಿನ ಕೆಲಸ ಮಾಡುತ್ತದೆ. ಹೊಂಗೆ ಎಣ್ಣೆಯ ಬಗ್ಗೆ ನಮ್ಮಲ್ಲಿ ನಡೆದ ಮಾತುಕತೆಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದ ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಜನರೇಟರ್ ಓಡಿಸಿ ಹಳ್ಳಿಗೆ ನೀರೆತ್ತಿಸಿ ತೋರಿಸಿತ್ತು. ಇಂಜಿನ್ನಿಗೆ ಆಗ ಏನೂ ತೊಂದರೆಯಾಗಲಿಲ್ಲ. ಹೊಂಗೆ ಬೀಜ ಆರಿಸಿ ತರುವವರೂ ಸಾಲಬೇಕು, ಮರಗಳೂ ಸಾಲಬೇಕು, ಮಿತಿ ಇರುವುದು ಅಲ್ಲಿ.

ಅಮೋನಿಯಾ ಎಲ್ಲಿಂದ ಬಂತು

ಅಯೋವಾದ ಬಿಳಿ ಟ್ಯಾಂಕಿನ ಅಮೋನಿಯಾ ನೈಸರ್ಗಿಕ ಅನಿಲದಿಂದ ಆದದ್ದು. ಒಂದು ಕೆಜಿ ತಯಾರಿಸಲು ಕಾರ್ಖಾನೆ ಸುಮಾರು 2 ಕೆಜಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಒಂದು ಕೆಜಿ ಡೀಸೆಲ್ಲಿನ ಶಕ್ತಿಗೆ 2.3 ಕೆಜಿ ಅಮೋನಿಯಾ ಬೇಕು. ಅಂದರೆ ಕಾರ್ಖಾನೆಯಲ್ಲಿ 4.6 ಕೆಜಿ. ಡೀಸೆಲ್ಲನ್ನೇ ಸುಟ್ಟಿದ್ದರೆ 3.2 ಕೆಜಿ. ಹೊಗೆ ಕೊಳವೆಯಲ್ಲಿ ಇಳಿದದ್ದು ಚಿಮಣಿಯಲ್ಲಿ ಏರಿತು, ಅದೂ ಬಡ್ಡಿ ಸಮೇತ.

ಸೋಲಾರ್, ಗಾಳಿ ವಿದ್ಯುತ್ತಿನಿಂದ ಮಾಡಿದ ಹಸಿರು ಅಮೋನಿಯಾ ಈ ತಕರಾರಿನಿಂದ ಪಾರು. ಅದರ ತಕರಾರು ಬೇರೆ. ಒಂದು ಟನ್ ಮಾಡಲು ಸುಮಾರು 10,000 ಯೂನಿಟ್ ವಿದ್ಯುತ್ ಬೇಕು. ಅದನ್ನು ಇಂಜಿನ್ನಿನಲ್ಲಿ ಸುಟ್ಟು ಶಾಫ್ಟಿನಲ್ಲಿ ಪಡೆಯುವುದು 2,000 ಯೂನಿಟ್ ಆಸುಪಾಸು. ತಂತಿ ಎಳೆಯಲು ಸಾಧ್ಯವಿರುವ ಕಡೆ, ಬ್ಯಾಟರಿ ಸಾಲುವ ಕಡೆ ಇದನ್ನು ಮಾಡುವುದರಲ್ಲಿ ಅರ್ಥವಿಲ್ಲ.

ಬೆಲೆಯ ಮಾತೂ ಇದೆ. 2022ರ ವಸಂತದಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಅಮೆರಿಕದಲ್ಲಿ ಈ ಗೊಬ್ಬರದ ಬೆಲೆ ಟನ್ನಿಗೆ 1,500 ಡಾಲರ್ ದಾಟಿತು. ಡೀಸೆಲ್ ಗ್ಯಾಲನ್ನಿಗೆ 5 ಡಾಲರ್ ಮುಟ್ಟಿದ್ದ ಕಾಲ ಅದು. ಶಕ್ತಿಗೆ ಶಕ್ತಿ ಹೋಲಿಸಿದರೆ ಆಗಲೂ ಅಮೋನಿಯಾ ಎರಡು ಪಟ್ಟಿಗಿಂತ ದುಬಾರಿ. ಹೊಲಕ್ಕೇ ಸಾಲದ ಗೊಬ್ಬರವನ್ನು ಇಂಜಿನ್ನಿಗೆ ಸುರಿಯುವ ರೈತ ಅಯೋವಾದಲ್ಲೂ ಇಲ್ಲ, ದಾವಣಗೆರೆಯಲ್ಲೂ ಇಲ್ಲ.

ಸುರಕ್ಷತೆಯ ಮಾತು ಬಂದಾಗ "ರೈತರು ನೂರಾರು ಕಡೆ ಬಳಸುತ್ತಲೇ ಇದ್ದಾರಲ್ಲ" ಅನ್ನುವುದು ಸಾಮಾನ್ಯ ಉತ್ತರ. ಹೌದು, ಬಳಸುತ್ತಾರೆ. ವರ್ಷದಲ್ಲಿ ಕೆಲವು ವಾರ, ಕನ್ನಡಕ, ಗ್ಲೌಸ್ ಹಾಕಿಕೊಂಡು, ಟ್ಯಾಂಕಿನ ಮೇಲೆ ತೊಳೆಯುವ ನೀರು ಇಟ್ಟುಕೊಂಡು. 2019ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದ ಬೀಚ್ ಪಾರ್ಕ್‌ನಲ್ಲಿ ಟ್ರ್ಯಾಕ್ಟರ್ ಎಳೆಯುತ್ತಿದ್ದ ಇಂಥದೇ ಟ್ಯಾಂಕುಗಳಿಂದ ಅಮೋನಿಯಾ ಸೋರಿತು. ನೆಲದ ಮಟ್ಟದಲ್ಲಿ ಬಿಳಿ ಮೋಡ ಹರಡಿ ಹತ್ತಾರು ಜನ ಆಸ್ಪತ್ರೆ ಸೇರಿದರು. ದಿನವೂ, ಸೀಟಿನ ಕೆಳಗೆ, ಇದನ್ನು ಇಟ್ಟುಕೊಂಡು ಓಡಾಡುವುದು ಬೇರೆಯೇ ವಿಷಯ.

ಟ್ರ್ಯಾಕ್ಟರ್ ಬಿಟ್ಟು ಹಡಗಿಗೆ

ಅಯೋವಾದ ಇಂಜಿನ್ನಿನಿಂದ ಟ್ರ್ಯಾಕ್ಟರ್ ಹುಟ್ಟಲಿಲ್ಲ. ಅದೇ ತಂಡ ಮುಂದೆ ಸಣ್ಣ ಇಂಜಿನ್ನಿನಲ್ಲಿ ಅಮೋನಿಯಾಕ್ಕೆ ಬೇಗ ಹತ್ತಿಕೊಳ್ಳುವ ಡೈಮೀಥೈಲ್ ಈಥರ್ ಬೆರೆಸಿ ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಪ್ರಯೋಗಕ್ಕೆ ಹೋಯಿತು. ಸಣ್ಣ ಪ್ರಮಾಣದ ಇಂಧನ ಹಚ್ಚಿ ಅಮೋನಿಯಾ ಸುಡುವ ಯೋಚನೆ ಮಾತ್ರ ಸಮುದ್ರಕ್ಕೆ ಇಳಿಯಿತು. 2024ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ಫೋರ್ಟೆಸ್ಕ್ಯೂ ಕಂಪನಿಯ ಗ್ರೀನ್ ಪಯೊನೀರ್ ಹಡಗು ಅಮೋನಿಯಾ ತುಂಬಿಸಿಕೊಂಡು ಡೀಸೆಲ್ ಜೊತೆ ಸುಟ್ಟಿತು. ಅದೇ ಆಗಸ್ಟ್‌ನಲ್ಲಿ ಜಪಾನಿನ ಎನ್‌ವೈಕೆ ಕಂಪನಿಯ ಸಾಕಿಗಾಕೆ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಬಂದರಿನ ದೋಣಿ) ಕೆಲಸಕ್ಕಿಳಿಯಿತು. ಮೊದಲು ಎಲ್‌ಎನ್‌ಜಿಯಲ್ಲಿ, ಅಂದರೆ ದ್ರವ ಮಾಡಿದ ನೈಸರ್ಗಿಕ ಅನಿಲದಲ್ಲಿ ಓಡುತ್ತಿದ್ದ ಟಗ್ ಅದು. ಐಎಚ್‌ಐ ಮಾಡಿದ ಅಮೋನಿಯಾ ಇಂಜಿನ್ ಕೂರಿಸಿದ್ದಾರೆ. ಹಸಿರುಮನೆ ಅನಿಲ ಶೇಕಡ 95ರವರೆಗೂ ಇಳಿಯಿತೆಂದು ಕಂಪನಿ ಹೇಳಿದೆ.

ಇದು ಸರಿಯಾದ ಜಾಗ. ಹಡಗಿನಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ, ಎರಡು ಗೋಡೆಯ ಕೊಳವೆ ಹಾಕಬಹುದು, ಲಾರಿ ಗಾತ್ರದ ಕ್ಯಾಟಲಿಸ್ಟ್ ಕೂರಿಸಬಹುದು. ದೂರ ಹೋಗುವ ಹಡಗಿಗೆ ಬ್ಯಾಟರಿಯೂ ಸಾಲದು.

ಕರ್ನಾಟಕದಲ್ಲಿ ಮೊದಲು ಎಲ್ಲಿ ಎಂದು ಕೇಳಿದರೆ ನಾನು ಪಣಂಬೂರು ಅನ್ನುತ್ತೇನೆ. ಅಲ್ಲಿನ ಎಂಸಿಎಫ್ ಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ತಯಾರಾಗುತ್ತದೆ, ಪಕ್ಕದಲ್ಲೇ ನವಮಂಗಳೂರು ಬಂದರು, ಅದನ್ನು ಹತ್ತಾರು ವರ್ಷದಿಂದ ಸಂಭಾಳಿಸಿದ ಕೈಗಳು ಆ ಊರಿನಲ್ಲಿವೆ. ಮಲ್ಪೆಯ ದೋಣಿಗಳಿಗೆ ಬೇಡ. ಸಣ್ಣ ಕ್ಯಾಬಿನ್ನಿನಲ್ಲಿ ಏಳೆಂಟು ಜನ ಮಲಗುವ ಕಡೆ ಅಮೋನಿಯಾ ಟ್ಯಾಂಕ್ ಇಡುವ ಧೈರ್ಯ ಯಾರಿಗೂ ಬರಬಾರದು. ಬಂದರಿನ ಒಂದು ಟಗ್ ಸಾಕು. ಹಚ್ಚಲು ಹೊಂಗೆಯದೋ, ಹೋಟೆಲಿನ ಕರಿದ ಎಣ್ಣೆಯದೋ ಬಯೋಡೀಸೆಲ್. ಚಿಮಣಿಯಲ್ಲಿ ಅಮೋನಿಯಾ ಮೀಟರ್, ನೈಟ್ರಸ್ ಆಕ್ಸೈಡ್ ಮೀಟರ್ ಎರಡನ್ನೂ ಟೆಂಡರಿನಲ್ಲೇ ಬರೆದಿರಬೇಕು.